ಏಳನೆಯ ಹೆಬ್ಬೆಟ್ಟು

ಅರ್ಜಿಗೆ ಏಳು ಸಹಿ ಬೇಕು, ಅಂದರು ವಕೀಲರು.
ಇನ್ನೂರ ಮೂವತ್ತು ಜನರಲ್ಲಿ
ಇಪ್ಪತ್ತಮೂರು ಮಂದಿ ಸದಸ್ಯರಾದರೂ ಸಾಕು,
ಕಾನೂನಿಗೆ ನೀವು ಕಾಣಿಸುತ್ತೀರಿ.

ನಾವು ಕೇಸರೆಯವರು, ರಾಜೀವನಗರದವರು,
ಸಿದ್ದಲಿಂಗಪುರದಿಂದ ಬಸ್ಸಿಗೆ ಬರುವವರು.
ಊರೂರಿನ ದೇವರ ಕೋಣೆಗಳಲ್ಲಿ ದಿನಾ ಉರಿಯುತ್ತೇವೆ,
ಯಾರ ಕಣ್ಣಿಗೂ ಬಿದ್ದವರಲ್ಲ.

ರಸೀತಿ ಪುಸ್ತಕ ನನ್ನ ಊಟದ ಡಬ್ಬಿಯ ಕೆಳಗಿನ ಅಂತಸ್ತಿನಲ್ಲಿ,
ಮೇಲೆ ಮುದ್ದೆ, ಬಸ್ಸಾರು.
ಗೇಟಿನ ಸೆಕ್ಯೂರಿಟಿ ಎರಡು ಸಲ ತೆಗೆಸಿ ನೋಡಿದ,
ಘಮಕ್ಕೆ ಕಣ್ಣು ಮುಚ್ಚಿ ಒಳಗೆ ಬಿಟ್ಟ.
ಚಂದಾ ಹತ್ತು ರೂಪಾಯಿ, ಕಕ್ಕಸಿನ ಸಾಲಿನಲ್ಲಿ ವಸೂಲಿ.
ಮೂವತ್ತೊಂದನೆಯ ರಸೀತಿಯ ಮೇಲೆ ಸಾರಿನ ಕಲೆ.
ಅದು ಜಬೀನಾಳದು. ಬೇರೆ ಬರೆದುಕೊಡು ಅಂತ
ಇವತ್ತಿಗೂ ಜಗಳ.

ಸಾಮೂಹಿಕ ಚೌಕಾಸಿ, ಅಂದಾಗ
ನಕ್ಕುಬಿಟ್ಟೆವು.
ಚೌಕಾಸಿ ನಮಗೆ ಹೇಳಿಕೊಡಬೇಕೆ?
ದೇವರಾಜ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ದಂಟಿನ ಸೊಪ್ಪಿಗೆ
ಎರಡು ಹೆಜ್ಜೆ ಹೊರಟಂತೆ ಮಾಡಿ, ಕರೆದರೆ ತಿರುಗಿ,
ಐದು ರೂಪಾಯಿ ಇಳಿಸಿ
ಮೇಲೆ ನಾಲ್ಕು ಎಸಳು ಕರಿಬೇವು ಇಸಕೊಂಡು ಬರುವವರು.
ಆದರೆ ನಮ್ಮ ಬೆರಳಿನ ರೇಟು ಮಾತ್ರ
ಹದಿನೆಂಟು ವರ್ಷದಿಂದ ಅವರು ಹೇಳಿದ್ದೇ.
ಅಲ್ಲಿ ಹೊರಟಂತೆ ಮಾಡಿದರೆ ಯಾರೂ ಕರೆಯುವುದಿಲ್ಲ.
ಹಾಗೆ ಹೊರಟ ನಾಗಸುಂದರಿ
ಈಗ ಮೂರು ಮನೆಯ ಪಾತ್ರೆ ತಿಕ್ಕುತ್ತಾಳೆ.

ಎಲ್ಲರೂ ಒಟ್ಟಿಗೆ ಎರಡು ಹೆಜ್ಜೆ ಇಟ್ಟರೆ?
ಅಂದ ವಕೀಲರು ತಾವೇ ಸುಮ್ಮನಾದರು.

ಸೂಪರ್‌ವೈಸರ್ ಲೋಹಿತ್ ಮೊದಲು ಸಿಹಿ ಹಂಚಿದ.
ಆಮೇಲೆ ನನ್ನನ್ನು ಪ್ಯಾಕಿಂಗಿನಿಂದ ಇದ್ದಿಲ ಕೋಣೆಗೆ ಹಾಕಿದ.
ಸಂಘ ಕಟ್ಟಿದ್ದಕ್ಕೆ ಕಿರುಕುಳ ಕೊಡಕೂಡದು,
ಹಾಗಂತ ಬರೆದಿದೆ.
ಬರೆದಿದ್ದನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡು
ಇದ್ದಿಲ ಪುಡಿ ಜರಡಿ ಹಿಡಿದೆ.
ಕೆಮ್ಮಿದಾಗೆಲ್ಲ
ಕಾಗದ ಸದ್ದು ಮಾಡುತ್ತಿತ್ತು.

ಆರು ಸಹಿ ಆಯಿತು. ಏಳನೆಯವಳು ಹಿಂದಿನ ರಾತ್ರಿ
ಗಂಡನ ಕೈಲಿ ಫೋನು ಮಾಡಿಸಿ ಜ್ವರ ಅನ್ನಿಸಿದಳು.
ಯಾರೂ ಬೈಯಲಿಲ್ಲ.
ಆ ಜ್ವರ ನಮಗೂ ಇತ್ತು.

ಚಿಕ್ಕತಾಯಮ್ಮ ಬಂದದ್ದು ಆಗ, ಯಾರೂ ಕರೆಯದೆ,
ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು.
ಓದು ಬರಾಕಿಲ್ಲ ಕಣವ್ವ,
ಹೆಬ್ಬೆಟ್ಟು ಒತ್ತಿದ್ರೆ ಆಯ್ತದಾ?

ಕಾರ್ಮಿಕ ಇಲಾಖೆಯ ಗುಮಾಸ್ತ ಶಾಯಿ ಹಚ್ಚಿ ಒತ್ತಿಸಿದ,
ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ.
ಗೆರೆಯೇ ಇಲ್ಲವಲ್ಲ ಅಜ್ಜಿ?
ಹುಣಸೆಬೀಜದಷ್ಟು ನುಣ್ಣನೆ ನೀಲಿ ಮಚ್ಚೆ.
ಇನ್ನೊಮ್ಮೆ. ಇನ್ನೊಂದು ಕೈ.
ಮೂವತ್ತು ವರ್ಷ ಮಣೆಯ ಮೇಲೆ ಕಡ್ಡಿ ಹೊಸೆದು ಹೊಸೆದು
ಗೆರೆಗಳನ್ನೆಲ್ಲ ಕಂಪನಿಗೇ ಕೊಟ್ಟುಬಿಟ್ಟಿದ್ದಳು.
ಗೇಟಿನ ಮಿಷನ್ನೂ ಅಷ್ಟೆ, ದಿನಾ ಮೂರು ಸಲ
ಗುರುತಿಲ್ಲ ಅನ್ನುತ್ತದೆ,
ಮಾಲೀಕರು ಅರ್ಧ ದಿನದ ಕೂಲಿ ಮುರಿಯುತ್ತಾರೆ.

ಗುಮಾಸ್ತ ಕನ್ನಡಕ ಸರಿಮಾಡಿಕೊಂಡು ನಮ್ಮತ್ತ ನೋಡಿದ.
ಇವರು ಇವರೇ ಅಂತ ಯಾರು ಹೇಳ್ತೀರಿ?

ಆರು ಜನವೂ ಒಟ್ಟಿಗೆ ಎದ್ದೆವು. ಒಂದು ಕುರ್ಚಿ ಬಿತ್ತು.
ಇಬ್ಬರು ಸಾಕಮ್ಮಾ, ಇಬ್ಬರು ಸಾಕು,
ಅನ್ನುತ್ತ ಅವನೇ ಬಗ್ಗಿ ಎತ್ತಿಟ್ಟ.

ಚಿಕ್ಕತಾಯಮ್ಮ ಬೆರಳನ್ನು ಸೆರಗಿಗೆ ಒರೆಸಲಿಲ್ಲ.
ಬಸ್ಸಿನಲ್ಲಿ ಸೊನ್ನೆ ರೂಪಾಯಿಯ ಟಿಕೆಟ್ಟನ್ನು
ಅದೇ ಬೆರಳಲ್ಲಿ ಹಿಡಿದು ಕೂತಿದ್ದಳು.
ನಾಳೀಕೆ ಗೇಟಲ್ಲಿ ಇದ್ನೇ ಒತ್ತೀನಿ, ಅಂದಳು,
ಗೆರೆ ಕಾಣ್ದಿದ್ರೆ ಬುಡು,
ನೀಲಿನಾದ್ರೂ ನೋಡ್ಲಿ.