ಎಣಿಕೆ ಹಾಳೆ

ಯುಗಾದಿ ಮುಗಿದು ಐದನೇ ದಿನ.
ಹೆರಕಲ್ ದಾಟಿ ಕಾಲುದಾರಿಗೆ ಹೊರಳಿದರೆ
ನಮಗೂ ಒಂದು ಕಡಲತೀರ.
ಉಪ್ಪಿಲ್ಲ, ಅಲೆಯಬ್ಬರವಿಲ್ಲ,
ಆಣೆಕಟ್ಟು ಇಳಿಸಿದಷ್ಟು ಇಳಿಯುವ ನೀರು,
ನೀರು ಬಿಟ್ಟುಕೊಟ್ಟಷ್ಟು ಕೆಸರು.

ಕಾಲೇಜಿನಿಂದ ಕಡ ತಂದ ದುರ್ಬೀನು,
ಎಡಗಾಜಿಗೆ ಬೂಷ್ಟು ಹತ್ತಿದೆ.
ಬಲಗಣ್ಣೊಂದರಲ್ಲೇ ಎಣಿಸುತ್ತೇನೆ:
ಮೆಟ್ಟುಗಾಲು ನಲವತ್ತೊಂದು.
ರೀವ ಹದಿನಾರು, ಅಲ್ಲ, ಹದಿನೇಳು,
ಮುಳುಗಿದ್ದೊಂದು ಎದ್ದು ಬಂತು.
ಗೊರವಗಳು, ಓಡುವುದು ನಿಲ್ಲಿಸಿದರೆ ಬರೆದೇನು.
ಪಟ್ಟೆತಲೆಯ ಹೆಬ್ಬಾತು: ಸೊನ್ನೆ.

"ಹೋಳಿ ಹುಣ್ಣಿವಿ ರಾತ್ರಿ ಹೋದ್ವ್ರಿ ಅಕ್ಕೋರ,
ನೆತ್ತಿ ಮ್ಯಾಲ ಮಾತಾಡ್ಕೋತ ಹೋದ್ವು"
ಎಂದ ದಾವಲಸಾಬ, ಬಲೆಯ ಸಿಕ್ಕು ಬಿಡಿಸುತ್ತ.
ಮಾತಾಡುತ್ತ ಹೋದವನ್ನು ಬರೆಯಲು
ಹಾಳೆಯಲ್ಲಿ ಜಾಗವಿಲ್ಲ.

ಜಾಲಿಯ ಅರೆನೆರಳಲ್ಲಿ ಬುತ್ತಿ ಬಿಚ್ಚಿದೆವು.
ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು.
ಅವನ ಮೊಮ್ಮಗಳು ಕಾಶೀಂಬಿ ಕೇಳುತ್ತಾಳೆ:
"ಖರೇ ಸಮುದ್ರಕ್ಕ ಆ ಕಡಿ ದಂಡಿ ಕಾಣಸೂದಿಲ್ಲಂತ, ಹೌದೇನ್ರಿ?"
ಹೌದಂತೆ, ಎಂದೆ.
ನಾನೂ ನೋಡಿಲ್ಲವೆಂದು ಹೇಳಲಿಲ್ಲ.

ಒಣಗಿ ಬಿರಿದ ಕೆಸರಿನ ಮೇಲೆ ಮುಂದೆ ನಡೆದರೆ
ಮೊಣಕಾಲೆತ್ತರದ ಗೋಡೆಗಳು,
ಮೀನಿನ ವಾಸನೆಯ ಓಣಿ.
ಒಂದು ಟಿಟ್ಟಿಭ ತಲೆಯ ಮೇಲೇ ಸುತ್ತಿ ಸುತ್ತಿ
ಬೈಯತೊಡಗಿತು, ಬಾಯಿಗೆ ಬಂದಂತೆ.
ದಾವಲಸಾಬ ಹೊಸ್ತಿಲಿಲ್ಲದ ಕಡೆ
ಕಾಲೆತ್ತಿ ಒಳಗಿಟ್ಟ.

ನೆಲದಲ್ಲಿ ಹೂತ ಒಳಕಲ್ಲು,
ಅರ್ಧದವರೆಗೆ ಹೂಳು,
ಹೂಳಿನ ಮೇಲೆ ಹೂಳಿನದೇ ಬಣ್ಣದ ನಾಲ್ಕು ಮೊಟ್ಟೆ,
ಚೂಪು ತುದಿ ಒಳಗೆ ಕೂಡಿಸಿ
ಯಾರೋ ಜೋಡಿಸಿಟ್ಟ ಹಾಗೆ.

"ನಮ್ಮವ್ವ ಇದರಾಗ ಖಾರ ಕುಟ್ಟತಿದ್ಲ್ರಿ.
ನಾವು ಐದೂ ಮಂದಿ ಸೀನಿ ಸೀನಿ
ಹೊರಗ ಓಡತಿದ್ವಿ."
ನಕ್ಕ. ಮೂಗು ಒರೆಸಿಕೊಂಡ.
ಮೇಲೆ ಟಿಟ್ಟಿಭ ಇನ್ನೂ ಹೊರಗೆ ಅಟ್ಟುತ್ತಲೇ ಇತ್ತು.

ಹಿಂದೆ ಹಿಂದೆ ಇಪ್ಪತ್ತು ಹೆಜ್ಜೆ ಸರಿದು ಹಾಳೆ ತುಂಬಿದೆ.
ಜಾತಿ: ಟಿಟ್ಟಿಭ. ಸಂಖ್ಯೆ: ಎರಡು, ಮೊಟ್ಟೆ ನಾಲ್ಕು.
ಆವಾಸ: ಕೆಸರುದಂಡೆ, ಹುಲ್ಲುಗಾವಲು, ಕಲ್ಲುಭೂಮಿ,
ಇತರೆ (ವಿವರಿಸಿ).
ಇತರೆಗೆ ಗುರುತು ಹಾಕಿ ಬರೆದೆ: ಅಡುಗೆಮನೆ.
ಮೇಲಿನವರು ಕೇಳಿದರೆ ನೋಡೋಣ.

ಮರಿಯಾಗಲು ಇನ್ನು ನಾಲ್ಕು ವಾರ ಹಿಡಿಯಿರಿ,
ಆಮೇಲೆ ಅವು ಓಡಲು ಕಲಿಯಬೇಕು.
"ನೀರು ಏರೂದು ಮಳಿಗಾಲಕ್ಕ," ಎಂದ ಅವನು,
"ಇನ್ನೂ ವ್ಯಾಳ್ಯಾ ಐತಿ."

ಹೊರಡುವಾಗ ಬಾಗಿಲಿಲ್ಲದ ಬಾಗಿಲಲ್ಲಿ
ದಾವಲಸಾಬ ತಲೆ ಬಗ್ಗಿಸಿದ.
ಹಿಂದೆ ಬರುತ್ತಿದ್ದ ಕಾಶೀಂಬಿಯೂ ಬಗ್ಗಿದಳು,
ಅಷ್ಟು ಎತ್ತರ ಅವಳಿನ್ನೂ ಬೆಳೆದಿಲ್ಲ.

ಮನೆಗೆ ಬಂದ ಮೇಲೆ ನೆನಪಾಯಿತು,
ನೀರಂಚಿನ ಮರಳುದಿಬ್ಬದ ಮೇಲೆ
ಚಿಟವಗಳಿದ್ದವು, ನೂರಕ್ಕೂ ಮಿಕ್ಕಿ.
ಎಣಿಸುವುದೇ ಮರೆತುಹೋಗಿತ್ತು.