ಖಾನೆ ಇಲ್ಲದ್ದು

ನನ್ನ ಆಶಾ ವಹಿಯೊಳಗ ತೂಕಕ್ಕ ಖಾನೆ ಅದ,
ಬಿ.ಪಿ.ಗೆ ಅದ, ಕಬ್ಬಿಣದ ಗುಳಿಗಿಗೆ ಅದ.
ಕಲಬುರಗಿ ಸ್ಕ್ಯಾನಿಂಗಿನೊಳಗ ಡಾಕ್ಟರು
ಚೀಟಿ ಮ್ಯಾಲ ಗೀಚಿ ತೋರಿಸಿದ ಅರ್ಧ ಹೃದಯ
ಎಲ್ಲಿ ಬರೀಲಿ?

ಶಹಾಬಾದಿನ ಓಣಿಗೆ ಸುದ್ದಿ ನನಗಿಂತ ಮೊದಲ ಬಂದಿತ್ತು.
"ಗ್ರಹಣದಾಗ ಹೊರಗ ನಿಂತಿದ್ಲು" ಅಂದ್ರು ಅತ್ತಿ.
"ಗ್ರಹಣ ಅಲ್ರಿ, ಆಕೀ ತಪ್ಪಲ್ಲ" ಅಂದೆ,
ಎರಡು ಸಲ, ಒಳಗ ಕೇಳೂ ಹಾಂಗ.

ಜಗದೇವಿ ಗ್ವಾಡಿ ಕಡೆ ಮಾರಿ ಮಾಡಿದ್ಲು.
ತರಬೇತ್ಯಾಗ ಕೊಟ್ಟ ಸಮಾಧಾನದ ಮಾತು
ಚೀಲದಾಗಿದ್ವು. ತೆಗೀಲಿಲ್ಲ.
ಮರ ತಗೊಂಡೆ, ತೊಗರಿಬ್ಯಾಳ್ಯಾಗಿನ ಹಳ್ಳು ಆರಿಸ್ಕೋತ ಕುಂತೆ.
ಮೂರನೇ ದಿನ ಆಕಿನೂ ಒಂದು ಹಳ್ಳು ಆರಿಸಿ ಒಗದ್ಲು.

ಮಡಿವಾಳಪ್ಪ ಪರಸಿ ಪಾಲಿಶ್ ಮುಗಿಸಿ ಬರ್ತಾನ,
ರೆಪ್ಪಿತನ ಕಲ್ಲಿನ ಪುಡಿ.
ಮಾತಿಲ್ಲ, ಮಾಳಗಿ ಏರಿ ಕೂಡತಾನ.
"ನಿದ್ದಿ ಬರ್ತದೇನಪಾ ನಿನಗ?"
"ನನ್ನ ಯಾರೂ ಕೇಳೇ ಇಲ್ಲಕ್ಕ" ಅಂದ.
ಪುಡಿಯೊಳಗ ಎರಡು ಗೆರಿ ಮೂಡಿದ್ವು.

ಏಳು ತುಂಬ್ತು. ಕುಬಸದ ಮಾತು ಯಾರೂ ಎತ್ತವೊಲ್ರು.
ಜಗದೇವಿನೇ ಕೇಳಿದ್ಲು:
"ಒಳಗಿದ್ದದ್ದಕ್ಕ ಸಪ್ಪಳ ಕೇಳ್ತದೇನಕ್ಕ?"
ಕೇಳ್ತದ, ಅಂದೆ. ನನಗ ಅಷ್ಟು ಗೊತ್ತು.
ಬದುಕ್ತದೋ ಇಲ್ಲೋ, ಬದುಕಿದ್ರ ಎಷ್ಟು ದಿನ,
ಅದು ಗೊತ್ತಿಲ್ಲ. ಅದನ್ನೂ ಅಂದೆ.

ಮರುದಿನ ಸಂಜಿಗೆ ಗಂಡ ಹಸಿರು ಬಳಿ ತಂದಿದ್ದ.
ಅಳತಿ ತಪ್ಪಿತ್ತು. ಅತ್ತಿನೇ ಏರಿಸಿದ್ರು, ಬಾಯಿ ಬಿಚ್ಚದ.
ಆಕಿ ಕೈ ಹೊಟ್ಟಿ ಹತ್ರ ಒಯ್ದು
ಒಮ್ಮೆ ಅಲುಗಿಸಿದ್ಲು, ತಡದು ಮತ್ತೊಮ್ಮೆ.

ವಹಿ ಅಂಚಿಗೆ ಬರದೆ:
ಬಳಿ ಹನ್ನೊಂದು. ಸಡಲ.