ಸೆಕೆಂಡ್ ಶೋ ಬಿಟ್ಟ ಮ್ಯಾಲ

ಗಿರಮಿಟ್ ಗಾಡಿ ಮುಂದ ಬಸಲಿಂಗ ಮಾಮಾ ಇನ್ನೂ ಸಿಟ್ಟಿನ್ಯಾಗ:
‘ಜಗಳಾನೂ ಹಾಡಿನ್ಯಾಗ, ಬಸ್ಸಿಗೆ ಕಾಯೂದೂ ಹಾಡಿನ್ಯಾಗ.
ನಮ್ಮ ಗದಗಿನ್ಯಾಗ ಹಂಗ ಹಾಡಿದ್ರ ಬಸ್ ನಿಂದರ್ತದೇನು?
ಅದರಾಗ ಆಕೀ ನಿಷಾದ ಬ್ಯಾರೆ ಇಳಿದಿತ್ತು.’
ಪೇಟಿ ರಿಪೇರಿ ಮಾಡೂ ಕಿವಿ ಆತಂದು.

ಅತ್ತಿ ಉಳ್ಳಾಗಡ್ಡಿ ಆರಿಸಿ ಬದಿಗಿಟ್ಟು ಅಂದ್ಲು:
‘ಕಡೀಕ ಇಬ್ರೂ ಕೂಡಲಿಲ್ಲ, ಅದs ಖರೆ.
ಕೂಡಿದ್ರ ಹಾಡೂದು ಬಿಡ್ತಿದ್ರು.’
ಮಾಮಾ ಮಿರ್ಚಿ ಕಚ್ಚಿದ.

ಮೌಲಾಸಾಬ ಸಿನಿಮಾ ನೋಡಿಲ್ಲ;
ಹನ್ನೊಂದು ದಿನ ಗ್ವಾಡಿ ಹೊರಗಿಂದ ಕೇಳ್ಯಾನ:
‘ಎರಡನೇ ಹಾಡಿಗೆ ಒಳಗ ಯಾರೂ ಕೆಮ್ಮಂಗಿಲ್ಲ.
ಚುಲೋ ಇರಬೇಕು. ಇನ್ನೊಂದು ಮಿರ್ಚಿ ಹಾಕ್ಲಿ?’

ಒಂದs ಸ್ಕೂಟರ್, ನಡುವ ನಾನು.
ಮುಳಗುಂದ ನಾಕಾ ದಾಟಿದ ಮ್ಯಾಲ
ಮಾಮಾನ ಬೆನ್ನಿನ್ಯಾಗ ಏನೋ ಗುಂಯ್‌ಗುಟ್ಟಿತು,
ಅದs ಎರಡನೇ ಹಾಡು.
ನಿಷಾದ ಇಳಿದಿತ್ತು.
ನನ್ನ ಹೆಗಲ ಮ್ಯಾಲಿಂದ ಅತ್ತಿ ಮುಂದ ಬಾಗಿದ್ಲು,
ಏನೂ ಅನಲಿಲ್ಲ.